ಐವತ್ನಾಲ್ಕು ಜನಕ್ಕೆ ಬರೆದ ಮಳೆ ಲೆಕ್ಕ

ಶಿರಸಿಯಿಂದ ವಾನಳ್ಳಿ ಕಡೆ ಹೋಗುವ ದಾರಿಯಲ್ಲಿ ನಮ್ಮದು ಎರಡು ಎಕರೆ ಅಡಿಕೆ ತೋಟ. ಸುತ್ತಲಿನ ಏಳೆಂಟು ಊರಿನ ತೋಟದವರು ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪಿನಲ್ಲಿ ಐವತ್ನಾಲ್ಕು ಜನ ಇದ್ದೇವೆ. ಐದು ಮಳೆಗಾಲದಿಂದ, ಮೃಗಶಿರ ಹಿಡಿದು ಹಸ್ತದವರೆಗೆ, ದಿನಾ ಅಲ್ಲಿಗೆ ಮಳೆ ಲೆಕ್ಕ ಬರೆದು ಹಾಕುತ್ತಿದ್ದೇನೆ.

ಅಂಗಳದ ಕಂಬಕ್ಕೆ ಕಟ್ಟಿದ ಮಳೆ ಮಾಪಕವನ್ನು ಬೆಳಿಗ್ಗೆ 8.30ಕ್ಕೆ ನೋಡುತ್ತೇನೆ. ಹವಾಮಾನ ಇಲಾಖೆಯವರ ದಿನದ ಲೆಕ್ಕವೂ ಅದೇ ಹೊತ್ತಿಗೆ ಮುಗಿಯುತ್ತದೆ, ಹೋಲಿಸಲು ಅನುಕೂಲ. ಆಮೇಲೆ ತೋಟಕ್ಕಿಳಿದು ಗುರುತು ಮಾಡಿಟ್ಟ ಹತ್ತು ಮರಗಳ ಬುಡದಲ್ಲಿ ಉದುರಿದ ಕಾಯಿ ಎಣಿಸುತ್ತೇನೆ. ತೊಟ್ಟಿನ ಹತ್ತಿರ ನೀರು ಹೀರಿದಂಥ ಕಡು ಹಸಿರು ಕಲೆ ಇದ್ದರೆ ಅದನ್ನು ಬೇರೆ ಬರೆಯುತ್ತೇನೆ, ಏಕೆಂದರೆ ಮಳೆಗಾಲದಲ್ಲಿ ಎಳೆಗಾಯಿ ಕೊಳೆತು ಉದುರುವ ಕೊಳೆರೋಗ ಶುರುವಾಗುವುದೇ ಹಾಗೆ. ಒಟ್ಟು ಇಪ್ಪತ್ತು ನಿಮಿಷದ ಕೆಲಸ.

ಮೊದಲ ವರ್ಷ ಯಾರೂ ಏನೂ ಹೇಳಲಿಲ್ಲ. ಅಪರೂಪಕ್ಕೆ ಒಂದು ಹೆಬ್ಬೆರಳಿನ ಗುರುತು ಬರುತ್ತಿತ್ತು, ಅಷ್ಟೇ. ‘ಐವತ್ತು ಜನಕ್ಕೆ ಇಷ್ಟೆಲ್ಲ ಯಾಕೆ, ಬರೆಯುವುದಾದರೆ ಪೇಪರಿಗೆ ಬರಿ’ ಎಂದರು ನಮ್ಮ ಭಾವ. ನನಗೂ ಹಾಗೇ ಅನ್ನಿಸಿತ್ತು. ಆಶ್ಲೇಷಾ ಮಳೆ ಹೊತ್ತಿಗೆ ಬಿಟ್ಟುಬಿಡೋಣ ಎಂದೇ ಇದ್ದೆ.

ಅದೇ ವಾರ ಹುಲೇಕಲ್ ಕಡೆ ಒಂದು ಮನೆಗೆ ಕಾರ್ಯಕ್ಕೆ ಹೋಗಿದ್ದೆ. ಅಡುಗೆಮನೆ ಬಾಗಿಲ ಪಕ್ಕ ಕ್ಯಾಲೆಂಡರ್ ತೂಗುಹಾಕಿತ್ತು. ಪ್ರತಿ ದಿನದ ಚೌಕದಲ್ಲೂ ಪೆನ್ಸಿಲ್‌ನಲ್ಲಿ ಒಂದು ಸಂಖ್ಯೆ: 46, 71, 18. ನೋಡಿದರೆ ನನ್ನವೇ! ಅದರ ಕೆಳಗೆ ಸಣ್ಣದಾಗಿ ಇನ್ನೊಂದು ಸಂಖ್ಯೆ; ಅದು ಅವರ ತೋಟದ ಉದುರು. ಆ ಮನೆಯ ಅಕ್ಕ ಗಂಡ ತೀರಿಕೊಂಡ ಮೇಲೆ ಒಬ್ಬರೇ ತೋಟ ನಡೆಸುತ್ತಿದ್ದಾರೆ. ‘ಕೊಳೆಗೆ ಎರಡನೇ ಮದ್ದು ಯಾವಾಗ ಹೊಡೆಸಬೇಕು ಅಂತ ಇದನ್ನು ನೋಡಿಯೇ ಕೊನೆಗೌಡನಿಗೆ ಹೇಳುವುದು’ ಎಂದರು. ಕೊನೆಗೌಡ ಎಂದರೆ ಮರ ಹತ್ತಿ ಮದ್ದು ಹೊಡೆಯುವವನು. ಗುಂಪಿನಲ್ಲಿ ಒಂದಕ್ಷರ ಬರೆದವರಲ್ಲ. ತಪ್ಪಾದರೆ ಎಂಬ ಹೆದರಿಕೆಯಂತೆ. ಈಗ ಅವರು ನನಗೆ ಧ್ವನಿಯಲ್ಲಿ ಹೇಳಿ ಕಳಿಸುತ್ತಾರೆ, ನಾನು ಅವರ ಊರಿನ ಹೆಸರು ಹಾಕಿ ಗುಂಪಿಗೆ ಬರೆಯುತ್ತೇನೆ.

ಅಂದಿನಿಂದ ನಾನು ಉತ್ತರಗಳನ್ನು ಎಣಿಸುವುದು ಬಿಟ್ಟೆ.

ಎರಡನೇ ವರ್ಷದ ಪೆಟ್ಟನ್ನೂ ಹೇಳಬೇಕು. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ತೋಟದವರಿಗೆಲ್ಲ ಗೊತ್ತು: 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ನಾನೂ ಅಷ್ಟೇ ಹಾಕಿದ್ದೆ. ಆದರೆ ಸುಣ್ಣ ಹಿಂದಿನ ವರ್ಷದ್ದು, ಬಾಯಿ ಬಿಚ್ಚಿದ ಚೀಲದಲ್ಲಿ ಇತ್ತು. ಗಾಳಿ ತಾಗಿದ ಸುಣ್ಣ ಸತ್ವ ಕಳೆದುಕೊಳ್ಳುತ್ತದೆ, ತುತ್ತದ ಹುಳಿಯನ್ನು ಅದು ಪೂರ್ತಿ ಮುರಿಯುವುದಿಲ್ಲ. ಮದ್ದು ಹೊಡೆದ ನಾಲ್ಕನೇ ದಿನಕ್ಕೆ ಎಳೆಗಾಯಿಗಳ ಮೇಲೆ ಸುಟ್ಟಂಥ ಕಲೆ ಎದ್ದು ಉದುರತೊಡಗಿದವು. ಬರೆಯಲೋ ಬೇಡವೋ ಎಂದು ಒಂದು ರಾತ್ರಿ ಯೋಚಿಸಿ, ಬೆಳಿಗ್ಗೆ ಮಳೆ ಲೆಕ್ಕದ ಜೊತೆಗೇ ಎಲ್ಲವನ್ನೂ ಬರೆದೆ. ಸುಣ್ಣದ ಚೀಲದ ಚಿತ್ರವನ್ನೂ ಹಾಕಿದೆ.

ಹತ್ತು ನಿಮಿಷದಲ್ಲಿ ಹಿರಿಯರೊಬ್ಬರ ಫೋನು ಬಂತು. ‘ತಮಾ, ಚಾಕು ಅದ್ದಿ ನೋಡಿದ್ಯನೊ?’

ನೋಡಿರಲಿಲ್ಲ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದರೆ, ಹುಳಿ ಉಳಿದಿದ್ದ ಪಕ್ಷಕ್ಕೆ ಅಲಗಿಗೆ ತಾಮ್ರದ ಕೆಂಪು ಹಿಡಿಯುತ್ತದೆ. ಅದು ಹೋಗುವ ತನಕ ಸುಣ್ಣದ ತಿಳಿ ಸೇರಿಸುತ್ತಾ ಹೋಗಬೇಕು. ಅವರು ಇನ್ನೊಂದು ತಪ್ಪನ್ನೂ ಹಿಡಿದರು. ನಾನು ತುತ್ತದ ನೀರಿಗೆ ಸುಣ್ಣ ಸುರಿಯುತ್ತಿದ್ದೆ. ಸುಣ್ಣದ ನೀರಿಗೆ ತುತ್ತವನ್ನು ನಿಧಾನಕ್ಕೆ ಹೊಯ್ಯಬೇಕಿತ್ತು. ಮರುದಿನ ಪೀಪಾಯಿಯ ಪಕ್ಕ ನಿಂತು ಹೊಸ ಸುಣ್ಣದಲ್ಲಿ ಮಾಡಿ ನೋಡಿದೆ. ದ್ರಾವಣ ಆಕಾಶದ ತಿಳಿ ನೀಲಿಯಾಯಿತು, ಚಾಕು ಬೆಳ್ಳಗೇ ಬಂತು. ಆ ಚಿತ್ರವನ್ನೂ ಹಾಕಿದೆ. ಐದು ವರ್ಷದಲ್ಲಿ ನಾನು ಬರೆದದ್ದರಲ್ಲಿ ಅತಿ ಹೆಚ್ಚು ಜನ ಕೆಲಸಕ್ಕೆ ಬಳಸಿದ್ದು ಇದನ್ನೇ. ಈಗಲೂ ಮೇ ಕೊನೆಗೆ ಯಾರಾದರೂ ‘ಆ ಚಾಕುವಿನದು ಮತ್ತೆ ಹಾಕಿ’ ಎನ್ನುತ್ತಾರೆ.

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ನೂರು ವರ್ಷದ ಮೇಲಾಯಿತು. ಮದ್ದು ಹಳೆಯದೇ, ಆದರೆ ಈ ವರ್ಷದ ಮಳೆಯಲ್ಲಿ ನಮ್ಮ ಮಗ್ಗುಲಿನ ತೋಟದಲ್ಲಿ ಅದು ಏನಾಯಿತು ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಬನವಾಸಿ ಕಡೆ ಬಿಸಿಲು ಕಾಯುವ ದಿನ ನಮ್ಮಲ್ಲಿ ಎಡೆಬಿಡದೆ ಸುರಿಯುತ್ತಿರುತ್ತದೆ. ಲಕ್ಷ ಜನ ಓದುವ ಕಡೆ ನನ್ನ 71 ಮಿಲಿಮೀಟರ್ ಯಾರಿಗೂ ಬೇಡ, ಈ ಐವತ್ನಾಲ್ಕು ಜನಕ್ಕೆ ಬೇಕು. ಎಲ್ಲಿಂದಲೋ ಬಂದದ್ದನ್ನು ದಾಟಿಸುವುದಾದರೆ ಬರೆಯದೇ ಇರುವುದು ಒಳ್ಳೆಯದು. ಬೆಳಗಿನ ಶುಭೋದಯದ ಹೂವಿನ ಚಿತ್ರಗಳ ನಡುವೆ ಕೊಳೆಯ ಸುದ್ದಿ ಹುಗಿದುಹೋಗುವುದನ್ನು ಕಂಡು ಬೇಸರಪಟ್ಟಿದ್ದೇನೆ. ತೋಟದಲ್ಲಿ ಕಣ್ಣಾರೆ ಕಂಡದ್ದು ಎರಡೇ ಸಾಲಿದ್ದರೂ ಸಾಕು.

ನನಗಾದ ಲಾಭವೂ ಸಣ್ಣದಲ್ಲ. ನಾಳೆ ಬರೆಯಬೇಕು ಎಂಬ ಕಾರಣಕ್ಕೇ ಮರದ ಬುಡ ಬಗ್ಗಿ ನೋಡುತ್ತೇನೆ. ಮೊದಲು ಗೊಂಚಲು ಅರ್ಧ ಖಾಲಿಯಾದ ಮೇಲೆ ಕೊಳೆ ಗೊತ್ತಾಗುತ್ತಿತ್ತು, ಈಗ ಐದಾರು ಕಾಯಿ ಬಿದ್ದಾಗಲೇ ಗೊತ್ತಾಗುತ್ತದೆ.

ಹೋದ ಪುಷ್ಯ ಮಳೆಯಲ್ಲಿ ಮರ ಬಿದ್ದು ನಮ್ಮೂರಿಗೆ ಮೂರು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನಾಲ್ಕನೇ ದಿನ ಫೋನು ಜೀವ ಹಿಡಿದಾಗ ಗುಂಪು ತೆರೆದೆ. ಮೊದಲ ಬೆಳಿಗ್ಗೆ ‘ಇವತ್ತು ಲೆಕ್ಕ ಬರಲಿಲ್ಲವಲ್ಲ’ ಎಂದು ಯಾರೋ ಕೇಳಿದ್ದರು. ಅದರ ಕೆಳಗೆ ಚಾಕುವಿನ ಹಿರಿಯರು ತಮ್ಮ ಊರಿನ ಮಳೆ ಬರೆದಿದ್ದರು. ಎರಡನೇ ದಿನ ಮೂರು ಊರಿನದು, ಮೂರನೇ ದಿನ ಐದು. ಕೊನೆಯದನ್ನು ಹುಲೇಕಲ್ ಕಡೆಯ ಆ ಅಕ್ಕ ತಾವೇ ಬರೆದಿದ್ದರು: ‘ಮಳೆ 94. ಉದುರು 7. ಕಲೆ ಇಲ್ಲ.’ ನನ್ನ ಮೂರು ದಿನದ ಲೆಕ್ಕವನ್ನು ಅದರ ಕೆಳಗೆ ಸೇರಿಸಿದೆ.