ಪ್ರತಿಭಟನೆಯ ಫೋಟೊಗಳಲ್ಲಿ ಜನರ ಗುರುತು ಕಾಯುವ ಬಗೆ

ಚಳಿಗಾಲದ ಅಧಿವೇಶನ ಬಂತೆಂದರೆ ಬೆಳಗಾವಿಯ ಸುವರ್ಣ ವಿಧಾನಸೌಧದ ಹತ್ತಿರದ ಕೊಂಡಸಕೊಪ್ಪ ಹಾಗೂ ಬಸ್ತವಾಡದಲ್ಲಿ ಪ್ರತಿಭಟನೆಯ ಟೆಂಟುಗಳು ಏಳುತ್ತವೆ. ಕಬ್ಬು ಬೆಳೆಗಾರರು, ಅಂಗನವಾಡಿ ಕಾರ್ಯಕರ್ತೆಯರು, ಅತಿಥಿ ಉಪನ್ಯಾಸಕರು, ಹೊರಗುತ್ತಿಗೆ ನೌಕರರು ತಮ್ಮ ತಮ್ಮ ಟೆಂಟಿನಡಿ ಕೂತಿರುತ್ತಾರೆ. ಅವರೆದುರು ಪತ್ರಿಕಾ ಛಾಯಾಗ್ರಾಹಕರಿಗಿಂತ ಮೊಬೈಲ್ ಹಿಡಿದು ನಿಂತ ಸಂಘಟನೆಯ ಕಾರ್ಯಕರ್ತರು, ವಿದ್ಯಾರ್ಥಿಗಳು, ದಾರಿಹೋಕರೇ ಹೆಚ್ಚು. ಈ ಬರಹ ಮುಖ್ಯವಾಗಿ ಅಂಥವರಿಗಾಗಿ.

ನಾನೇ ಮಾಡಿದ ತಪ್ಪೊಂದನ್ನು ಮೊದಲು ಹೇಳಬೇಕು. ಕೆಲವು ವರ್ಷಗಳ ಹಿಂದೆ ಸ್ವಚ್ಛತಾ ಕೆಲಸದ ಗುತ್ತಿಗೆ ಮಹಿಳೆಯರ ಧರಣಿಯಲ್ಲಿ ಕೊನೆಯ ಸಾಲಿನಲ್ಲಿ ಕೂತು ರೊಟ್ಟಿ ಬಿಚ್ಚುತ್ತಿದ್ದ ಒಬ್ಬರ ಫೋಟೊ ತೆಗೆದಿದ್ದೆ. ಮುಖದ ಮೇಲೆ ಕಪ್ಪು ಚೌಕ ಹಾಕಿ, ನನ್ನ ಎಚ್ಚರಿಕೆಗೆ ನಾನೇ ಮೆಚ್ಚಿಕೊಂಡು ಹಂಚಿಕೊಂಡೆ. ಮುಂಗೈಯಿಂದ ಮೊಣಕೈವರೆಗೆ ಅವರಿಗೆ ಹಳೆಯ ಸುಟ್ಟ ಕಲೆಯಿತ್ತು. ರೊಟ್ಟಿ ಬಿಚ್ಚಲು ಚಾಚಿದ ಆ ಕೈ ಚಿತ್ರದ ನಡುವೆಯೇ ಇತ್ತು. ಮೂರನೆಯ ದಿನಕ್ಕೆ ಫೋಟೊ ಅವರ ಮೇಲ್ವಿಚಾರಕನ ಮೊಬೈಲ್ ತಲುಪಿತು. ಎರಡು ವಾರ ಅವರಿಗೆ ಕೆಲಸ ಕೊಡಲಿಲ್ಲ. “ಕೈ ನೋಡಿ ಹಿಡದಾರ್ರಿ ಸರ್” ಎಂದು ಅವರು ಹೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ನಮ್ಮ ಕಡೆಯ ಊರುಗಳಲ್ಲಿ ಒಬ್ಬರನ್ನು ಗುರುತಿಸಲು ಮುಖವೇ ಬೇಕೆಂದಿಲ್ಲ. ರುಮಾಲು ಸುತ್ತುವ ರೀತಿ, ಕೈಮೇಲಿನ ಹಚ್ಚೆ, ಸೀರೆಯ ಸೆರಗು, ಊರುಗೋಲು, ಕೊರಳಲ್ಲಿ ತೂಗುವ ಗುರುತಿನ ಚೀಟಿ, ಪಕ್ಕದಲ್ಲಿ ನಿಲ್ಲಿಸಿದ ಬೈಕಿನ ಕೆಎ-22 ಅಥವಾ ಕೆಎ-49ರ ನಂಬರ್ ಪ್ಲೇಟ್, ಇವುಗಳಲ್ಲಿ ಯಾವುದೊಂದಿದ್ದರೂ ಸಾಕು. ಎಲ್ಲಕ್ಕಿಂತ ಅಪಾಯದ್ದು ಬ್ಯಾನರ್. “ಗ್ರಾಮ ಘಟಕ” ಎಂಬ ಪದಗಳ ಹಿಂದೆ ಊರಿನ ಹೆಸರಿದ್ದು, ಅದರಡಿ ನಾಲ್ಕೇ ಜನ ಕೂತಿದ್ದರೆ, ನಾಲ್ವರ ಮುಖ ಮುಚ್ಚಿದರೂ ಆ ಊರಿನವರಿಗೆ ಯಾರು ಯಾರೆಂದು ಹೇಳಿಕೊಡಬೇಕಿಲ್ಲ. ಆದ್ದರಿಂದ ಫೋಟೊ ಹೊರಗೆ ಹೋಗುವ ಮುನ್ನ ಅದನ್ನು ಅಪರಿಚಿತನ ಕಣ್ಣಿನಿಂದ ನೋಡಿದರೆ ಸಾಲದು. ಆ ವ್ಯಕ್ತಿಯ ಮಾಲೀಕ, ಭಾವಮೈದುನ ಅಥವಾ ಓಣಿಯವರು ನೋಡಿದರೆ ಏನು ತಿಳಿಯುತ್ತದೆ ಎಂದು ಕೇಳಿಕೊಳ್ಳಬೇಕು.

ಯಾರ ಗುರುತು ಮುಚ್ಚಬೇಕು ಎಂಬುದರಲ್ಲಿ ವಿವೇಚನೆ ಬೇಕು. ವೇದಿಕೆಯ ಮೇಲೆ ಮೈಕ್ ಹಿಡಿದ ಮುಖಂಡರು, ಮನವಿ ಸ್ವೀಕರಿಸಲು ಬಂದ ಸಚಿವರು ತಾವಾಗಿಯೇ ಸಾರ್ವಜನಿಕರ ಮುಂದೆ ನಿಂತವರು. ಅವರನ್ನು ಮರೆಮಾಚುವುದು ಹಾಸ್ಯಾಸ್ಪದವಾದೀತು. ಕರ್ತವ್ಯದಲ್ಲಿರುವ ಪೊಲೀಸರ ಎದೆಯ ನಾಮಫಲಕವನ್ನೂ ನಾನು ಮುಚ್ಚುವುದಿಲ್ಲ, ಏಕೆಂದರೆ ಲಾಠಿ ಬೀಸಿದವರು ಯಾರೆಂಬ ಪ್ರಶ್ನೆ ಮುಂದೆ ಎದ್ದರೆ ಅದೇ ಉತ್ತರ. ದಿನಗೂಲಿಯವರು, ಗುತ್ತಿಗೆಯವರು, ಮನೆಯಲ್ಲಿ ಹೇಳದೆ ಬಂದ ಹುಡುಗಿಯರು, ವಿದ್ಯಾರ್ಥಿವೇತನದ ಮೇಲೆ ಓದುತ್ತಿರುವವರು ಮುಚ್ಚಬೇಕಾದ ಸಾಲಿನವರು. ಮಕ್ಕಳ ವಿಷಯದಲ್ಲಿ ಚರ್ಚೆಯೇ ಬೇಡ. ಸಂತ್ರಸ್ತ ಮಕ್ಕಳ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಅತ್ಯಾಚಾರದ ಸಂತ್ರಸ್ತೆಯ ಗುರುತು ಪ್ರಕಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂನಡಿ 2 ವರ್ಷಗಳವರೆಗೆ ಸಜೆಯಾಗಬಹುದು. ನ್ಯಾಯ ಕೇಳುವ ಮೆರವಣಿಗೆಯಲ್ಲಿ ಸಂತ್ರಸ್ತೆಯ ಫೋಟೊ ಇರುವ ಫಲಕ ಹಿಡಿದು ನಡೆಯುವುದು ನಮ್ಮಲ್ಲಿ ಇನ್ನೂ ಇದೆ. ಆ ಫಲಕ ನಿಮ್ಮ ಚೌಕಟ್ಟಿನೊಳಗೆ ಬರಬಾರದು.

ಗುರುತು ಕಾಯುವ ಅರ್ಧ ಕೆಲಸ ಸ್ಥಳದಲ್ಲಿಯೇ ಮುಗಿಯುತ್ತದೆ, ಅದೂ ಕೇಳುವುದರಿಂದ. “ಅಕ್ಕಾರ, ಫೋಟೊ ತೆಗೀಲೇನ್ರಿ? ಮುಖಾ ಬಂದ್ರ ಏನರ ತ್ರಾಸ ಆಕ್ಕೈತೇನ್ರಿ?” ಎಂದು ನೇರವಾಗಿ ಕೇಳಿದರೆ ಬಹುತೇಕರು ನೇರವಾಗಿಯೇ ಹೇಳುತ್ತಾರೆ. “ಬ್ಯಾಡ್ರಿ, ನಮ್ಮ ಸಾಹೇಬ್ರು ನೋಡ್ತಾರ” ಎಂದರೆ ಅಲ್ಲಿಗೆ ಮುಗಿಯಿತು. ಕಾರಣ ಕೇಳುತ್ತ ನಿಲ್ಲಬಾರದು. ಒಪ್ಪಿದವರಿಗೂ ಫೋಟೊ ಎಲ್ಲಿ ಬರಲಿದೆ ಎಂದು ತಿಳಿಸಬೇಕು, ಏಕೆಂದರೆ ಸಂಘದ ಕರಪತ್ರಕ್ಕೆ ಒಪ್ಪಿದವರು ಫೇಸ್‌ಬುಕ್‌ಗೆ ಒಪ್ಪಿದಂತಾಗುವುದಿಲ್ಲ. ಮೆರವಣಿಗೆ ರಾಣಿ ಚನ್ನಮ್ಮ ವೃತ್ತದಲ್ಲಿ ತಿರುಗುವಾಗ ಸಾವಿರ ಜನರನ್ನು ಕೇಳಲಾಗದು ನಿಜ. ಆಗ ಬೆನ್ನ ಕಡೆಯಿಂದ ತೆಗೆಯಿರಿ, ಇಲ್ಲವೇ ಕ್ಯಾಮೆರಾ ತಗ್ಗಿಸಿ ಎದೆಯ ಮಟ್ಟದ ಫಲಕಗಳನ್ನಷ್ಟೇ ಹಿಡಿಯಿರಿ. ಟೆಂಟಿನ ಬಾಯಲ್ಲಿ ರಾಶಿಬಿದ್ದ ಚಪ್ಪಲಿಗಳ ಒಂದು ಫೋಟೊ ಎಷ್ಟು ಜನ ಬಂದಿದ್ದಾರೆಂಬುದನ್ನು ಯಾರ ಮುಖವೂ ಇಲ್ಲದೆ ಹೇಳಬಲ್ಲದು. ದೂರದಿಂದ ತೆಗೆದದ್ದು ಸುರಕ್ಷಿತ ಎಂಬ ನಂಬಿಕೆ ಮಾತ್ರ ಈಗ ಉಳಿದಿಲ್ಲ: ಇಂದಿನ ಮೊಬೈಲಿನ 50 ಮೆಗಾಪಿಕ್ಸೆಲ್ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದರೆ ಹತ್ತನೆಯ ಸಾಲಿನವರ ಮುಖವೂ ಸ್ಪಷ್ಟವಾಗುತ್ತದೆ. ಹಂಚುವ ಮೊದಲು ಚಿತ್ರವನ್ನು ಸುಮಾರು 1,200 ಪಿಕ್ಸೆಲ್ ಅಗಲಕ್ಕೆ ಇಳಿಸುವುದು ಒಳ್ಳೆಯದು.

ಹೊರಡುವ ಮುನ್ನ ಮೊಬೈಲಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿರಬೇಕು. ಪ್ರತಿ ಫೋಟೊದ ಕಡತದೊಳಗೆ ಎಕ್ಸಿಫ್ ಎಂಬ ಮಾಹಿತಿ ಅಡಗಿರುತ್ತದೆ. ತೆಗೆದ ದಿನಾಂಕ, ಗಂಟೆ, ಮೊಬೈಲಿನ ಮಾದರಿ, ಟ್ಯಾಗ್ ಚಾಲೂ ಇದ್ದರೆ ನಿಂತ ಜಾಗದ ಅಕ್ಷಾಂಶ, ರೇಖಾಂಶ ಕೂಡ ಅದರಲ್ಲಿ ದಾಖಲಾಗುತ್ತವೆ. ರಾತ್ರಿ ಯಾರ ಮನೆಯಲ್ಲಿ ಸಭೆ ನಡೆಯಿತು ಎಂಬುದು ಇದರಿಂದಲೇ ತಿಳಿದೀತು. ಮೋಷನ್ ಫೋಟೊ ಅಥವಾ ಲೈವ್ ಫೋಟೊ ಸೌಲಭ್ಯವನ್ನೂ ಮುಚ್ಚಿಡಿ, ಏಕೆಂದರೆ ಒಂದು ಚಿತ್ರದ ಜೊತೆ ಕೆಲವು ಕ್ಷಣಗಳ ವಿಡಿಯೊ ಅಂಟಿಕೊಂಡಿರುತ್ತದೆ. ಮೊಬೈಲಿಗೆ ಬೆರಳಚ್ಚಿನ ಬದಲು ಉದ್ದನೆಯ ಪಿನ್ ಇರಲಿ.

ಮುಖ ಮುಚ್ಚುವ ವಿಧಾನದಲ್ಲಿ ಹೆಚ್ಚಿನವರು ಎಡವುತ್ತಾರೆ. ಮಸುಕುಗೊಳಿಸುವುದು ಅಥವಾ ಚೌಕುಳಿಗಳಾಗಿ ಒಡೆಯುವುದು ನೋಡಲು ಚೆಂದ; ಆದರೆ ಹಾಗೆ ಒಡೆದ ಮುಖಗಳನ್ನು ತರಬೇತಿ ಪಡೆದ ಗಣಕ ಗುರುತಿಸಬಲ್ಲದೆಂದು 2016ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಒಳಗೇನೂ ಕಾಣದ ಗಟ್ಟಿ ಬಣ್ಣದ ಚೌಕವೇ ಭದ್ರ. ಅದನ್ನು ಹಾಕುವಾಗ ಹೈಲೈಟರ್ ಬಳಸಬೇಡಿ. ಕಪ್ಪಾಗಿ ಕಂಡರೂ ಅದು ತೆಳು ಪರದೆ, ಬೆಳಕು ಏರಿಸಿದರೆ ಅಡಿಯ ಮುಖ ಮೇಲೆ ಬರುತ್ತದೆ. ಸಿಗ್ನಲ್ ಆ್ಯಪ್ 2020ರಿಂದ ಮುಖ ಮಸುಕು ಮಾಡುವ ಸೌಲಭ್ಯ ಕೊಟ್ಟಿದೆ. ಗಟ್ಟಿ ಚೌಕದಷ್ಟು ಭದ್ರವಲ್ಲದಿದ್ದರೂ ಅವಸರಕ್ಕೆ ಅದು ಅನುಕೂಲ. ಆದರೆ ಪಕ್ಕಕ್ಕೆ ತಿರುಗಿದ ಮುಖಗಳನ್ನು ಇಂಥ ಉಪಕರಣಗಳು ಬಿಟ್ಟುಬಿಡಬಹುದು, ಒಂದೊಂದನ್ನೂ ಕಣ್ಣಾರೆ ಪರೀಕ್ಷಿಸಬೇಕು.

ಕತ್ತರಿಸಿದ ಭಾಗ ಹೋಯಿತೆಂದೂ ನಂಬಬಾರದು. ಗೂಗಲ್ ಪಿಕ್ಸೆಲ್ ಮೊಬೈಲುಗಳಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟ್‌ಗಳ ತೆಗೆದುಹಾಕಿದ ಭಾಗವನ್ನು ಮರಳಿ ಪಡೆಯಬಹುದಾದ ದೋಷವಿದ್ದುದು 2023ರ ಮಾರ್ಚ್‌ನಲ್ಲಿ ಬೆಳಕಿಗೆ ಬಂತು. ಐಫೋನ್‌ನಲ್ಲಿ ತಿದ್ದಿದ ಫೋಟೊವನ್ನು ಅದೇ ಫೋನಿನಲ್ಲಿ ಮೂಲ ರೂಪಕ್ಕೆ ಮರಳಿಸಲು ಬರುತ್ತದೆ. ಮುಚ್ಚಿ, ಕತ್ತರಿಸಿ ಮುಗಿದ ಮೇಲೆ ಚಿತ್ರವನ್ನು ಪರದೆಯ ತುಂಬ ತೆರೆದು ಅದರ ಸ್ಕ್ರೀನ್‌ಶಾಟ್ ತೆಗೆದು, ಆ ಹೊಸ ಕಡತವನ್ನೇ ಕಳಿಸುವುದು ನನ್ನ ರೂಢಿ. ಮೂಲದ ಎಕ್ಸಿಫ್ ಮಾಹಿತಿ ಅದರೊಳಗೆ ಬರುವುದಿಲ್ಲ. ವಾಟ್ಸಾಪ್ ಸಾಮಾನ್ಯ ಫೋಟೊವಾಗಿ ಕಳಿಸಿದಾಗ ಈ ಮಾಹಿತಿಯನ್ನು ತೆಗೆದುಹಾಕುತ್ತದೆ, ಆದರೆ ಗುಣಮಟ್ಟ ಕೆಡದಿರಲೆಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಎಲ್ಲವೂ ಇದ್ದ ಹಾಗೆಯೇ ಹೋಗುತ್ತದೆ.

ಇಷ್ಟೆಲ್ಲ ತಿದ್ದುವುದು ಪ್ರತಿಯ ಮೇಲೆ ಮಾತ್ರ. ಲಾಠಿ ಪ್ರಹಾರ ಅಥವಾ ಹಲ್ಲೆಯ ಚಿತ್ರವಾಗಿದ್ದರೆ ಮೂಲವನ್ನು ಮುಟ್ಟದೆ ಇಡಬೇಕು: ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ನ್ಯಾಯಾಲಯಕ್ಕೆ ಸಲ್ಲಿಸುವಾಗ ಕಡತದ ಹ್ಯಾಶ್ ಮೌಲ್ಯ (ಕಡತದಿಂದ ಲೆಕ್ಕ ಹಾಕಿ ಪಡೆಯುವ, ಅದರ ಬೆರಳಚ್ಚಿನಂಥ ಸಂಕೇತ) ಸಹಿತ ಪ್ರಮಾಣಪತ್ರ ಬೇಕು, ಒಂದು ಚುಕ್ಕಿ ಬದಲಾದರೂ ಆ ಮೌಲ್ಯ ಬದಲಾಗುತ್ತದೆ. ಮೂಲವನ್ನು ಪಾಸ್‌ವರ್ಡ್ ಇರುವ ಪೆನ್‌ಡ್ರೈವ್‌ಗೆ ಹಾಕಿ ಮೊಬೈಲಿನಿಂದ ಅಳಿಸಿರಿ, ಗೂಗಲ್ ಫೋಟೋಸ್‌ನ ಬ್ಯಾಕಪ್‌ನಲ್ಲಿ ಉಳಿದಿದೆಯೇ ಎಂದೂ ನೋಡಿರಿ.

ಶೀರ್ಷಿಕೆಯಲ್ಲಿ ಹೆಸರು, ಊರು, ಇಂಥ ಶಾಲೆಯ ಅಡುಗೆಯವರು ಎಂಬ ವಿವರ ಬರೆದು ಮುಖ ಮುಚ್ಚಿದವರನ್ನೂ ಕಂಡಿದ್ದೇನೆ.

ಯಾರಾದರೂ ಫೋನ್ ಮಾಡಿ ಹಂಚಿದ ತಮ್ಮ ಫೋಟೊ ಅಳಿಸಿರೆಂದರೆ ಮೊದಲು ಅಳಿಸಿರಿ, ಮಾತು ಆಮೇಲೆ. ವಾಟ್ಸಾಪ್‌ನಲ್ಲಿ ಎಲ್ಲರಿಗೂ ಅಳಿಸುವ ಅವಕಾಶ ಸುಮಾರು ಎರಡೂವರೆ ದಿನ ಮಾತ್ರ ಇರುತ್ತದೆ. ಅದು ದಾಟಿದ್ದರೆ ಅವರವರ ಫೋನಿನಿಂದ ಅಳಿಸುವಂತೆ ಗುಂಪಿನವರನ್ನು ಕೇಳಬೇಕು. ಅಷ್ಟರೊಳಗೆ ಬೇರೆ ಗುಂಪಿಗೆ ಫಾರ್ವರ್ಡ್ ಆಗಿದ್ದರೆ ಅದು ಕೈಮೀರಿದ್ದು, ಅದನ್ನು ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ಹೇಳಿಬಿಡಿ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಅವರು ತಮ್ಮ ಸಂಘದವರೊಡನೆ ಮಾತಾಡಿಕೊಳ್ಳಲಾದರೂ ಸಮಯ ಸಿಗುತ್ತದೆ.