ಗುಂಡಿನ ತೂಕ ಬದಲಾದರೆ ರೈಫಲ್ ಝೀರೋ ಮಾಡುವುದು ಹೇಗೆ?

ಝೀರೋ ಮಾಡುವುದೆಂದರೆ ಗುರಿಯಿಟ್ಟ ಬಿಂದುವಿಗೇ ಗುಂಡು ಬೀಳುವಂತೆ ಸ್ಕೋಪ್ (ರೈಫಲ್ ಮೇಲಿನ ದೂರದರ್ಶಕ) ಹೊಂದಿಸುವುದು. ಅಭ್ಯಾಸಕ್ಕೆ ಒಂದು ತೂಕದ ಗುಂಡು, ಸ್ಪರ್ಧೆಗೆ ಇನ್ನೊಂದು ತೂಕದ್ದು ಬಳಸುವ ಶೂಟರ್‌ಗಳು ರೇಂಜ್‌ನಲ್ಲಿ ಮಾಡುವ ಎಡವಟ್ಟು ಹೆಚ್ಚಾಗಿ ಒಂದೇ ಬಗೆಯದು. ಹೊಸ ಪೆಟ್ಟಿಗೆ ಒಡೆದು ಮೂರು ಈಡು ಹೊಡೆಯುತ್ತಾರೆ, ಸ್ಕೋಪ್ ತಿರುಗಿಸುತ್ತಾರೆ. ಮತ್ತೆ ಮೂರು ಈಡು, ಮತ್ತೆ ತಿರುಗಿಸುವುದು. ಅರ್ಧ ಪೆಟ್ಟಿಗೆ ಮುಗಿಯುವಷ್ಟರಲ್ಲಿ ಹಳೆಯ ಝೀರೋ ಎಲ್ಲಿತ್ತು ಎಂಬುದೂ ಕೈತಪ್ಪಿರುತ್ತದೆ. ಹೀಗಾಗಬಾರದೆಂದರೆ ರೈಫಲ್‌ಗೆ ಒಂದೇ ಒಂದು ಮೂಲ ಝೀರೋ ಇರಬೇಕು. ಉಳಿದ ಪ್ರತಿ ಗುಂಡೂ ಅದರಿಂದ ಎಷ್ಟು ಕ್ಲಿಕ್ (ಸ್ಕೋಪಿನ ಗುಬುಟಿ ತಿರುಗುವ ಒಂದೊಂದು ಹೆಜ್ಜೆ) ದೂರ ಎಂಬುದು ಪುಸ್ತಕದಲ್ಲಿ ಬರೆದಿರಬೇಕು.

ಲೆಕ್ಕಕ್ಕೆ ಸಿಗದ ಅಂತರ

ಪೆಟ್ಟಿಗೆಯ ಮೇಲಿರುವ 155, 168, 175 ಗ್ರೇನ್ ಎಂಬುದು ಹಾರಿಹೋಗುವ ಗುಂಡಿನ ತೂಕ. ಒಳಗಿನ ಮದ್ದಿನದ್ದಲ್ಲ. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ. ಭಾರದ ಗುಂಡು ನಿಧಾನ, ಆದ್ದರಿಂದ ಕೆಳಗೆ ಬೀಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. .308 ಕ್ಯಾಲಿಬರ್‌ನಲ್ಲಿ 155 ಗ್ರೇನ್ ಗುಂಡು ಸೆಕೆಂಡಿಗೆ 850 ಮೀಟರ್, 175 ಗ್ರೇನ್ ಗುಂಡು 790 ಮೀಟರ್ ವೇಗದಲ್ಲಿ ಹೊರಟರೆ, 100 ಮೀಟರ್ ತಲುಪುವಷ್ಟರಲ್ಲಿ ಬೀಳುವಿಕೆಯ ವ್ಯತ್ಯಾಸ ಹೆಚ್ಚೂಕಡಿಮೆ ಒಂದೇ ಸೆಂಟಿಮೀಟರ್. ಆದರೆ ಟಾರ್ಗೆಟ್ ನೋಡಿದರೆ ಗ್ರೂಪ್ (ತೂತುಗಳ ಗುಂಪು) ಮೂರು ಸೆಂಟಿಮೀಟರ್ ಪಕ್ಕಕ್ಕೆ ಹೋಗಿರಬಹುದು, ಕೆಲವೊಮ್ಮೆ ಮೇಲಕ್ಕೂ! ಗುಂಡು ನಳಿಕೆಯಲ್ಲಿ ಸಾಗುವಾಗ ನಳಿಕೆ ಮೀಟಿದ ತಂತಿಯಂತೆ ಕಂಪಿಸುತ್ತಿರುತ್ತದೆ, ರೈಫಲ್ ಹಿಂದಕ್ಕೆ ಒದೆಯುತ್ತ ಮೂತಿ ಮೇಲೇಳುತ್ತಿರುತ್ತದೆ. ನಿಧಾನದ ಗುಂಡು ಒಳಗೆ ತುಸು ಹೆಚ್ಚು ಹೊತ್ತು ಇರುವುದರಿಂದ, ಮೂತಿ ಬೇರೆಡೆ ನೋಡುತ್ತಿರುವಾಗ ಹೊರಬೀಳುತ್ತದೆ. ಒಂದೇ ಮಾದರಿಯ ಎರಡು ರೈಫಲ್‌ಗಳಲ್ಲೂ ಈ ಅಂತರ ಒಂದೇ ಇರುವುದಿಲ್ಲ. ಮೊಬೈಲ್ ಆ್ಯಪ್ ಇದನ್ನು ಹೇಳಲಾರದು. ನಳಿಕೆ ನೋಡುವ ದಿಕ್ಕನ್ನು ಬೆಳಕಿನ ಚುಕ್ಕಿಯಿಂದ ತೋರಿಸುವ ಲೇಸರ್ ಬೋರ್‌ಸೈಟರ್ ಅಂತೂ ಮೊದಲ ಗುಂಡು ಕಾಗದದ ಮೇಲೆ ಬೀಳುವಂತೆ ಮಾಡಲಷ್ಟೇ ಸರಿ. ಒಳಗಿರುವುದು ಯಾವ ತೂಕದ ಗುಂಡು ಎಂಬುದು ಅದಕ್ಕೆ ತಿಳಿಯದು. ಅದನ್ನೇ ನಂಬಿ ಝೀರೋ ಆಯಿತೆಂದು ಎದ್ದುಬಿಡಬೇಡಿ.

ಶುರುವಿಗೆ ಮುನ್ನ

ಸ್ಕೋಪ್ ರಿಂಗ್‌ಗಳ ಸ್ಕ್ರೂಗಳನ್ನು ಟಾರ್ಕ್ ರೆಂಚ್‌ನಿಂದ ತಯಾರಕರು ಹೇಳಿದ ಬಿಗಿಗೆ ತನ್ನಿ. ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಗೆರೆಯೂ ಟಾರ್ಗೆಟ್ ಮೇಲೆ ಸರಿದಂತೆ ಕಾಣುವುದು) ಸರಿಪಡಿಸಿ. ಅಗ್ಗದ ರಿಂಗ್‌ಗಳು ಒದೆತಕ್ಕೆ ಜರುಗುತ್ತವೆ, ಅವುಗಳ ಮೇಲೆ ಮಾಡುವ ಯಾವ ಝೀರೋವೂ ನಿಲ್ಲದು. ಕಣ್ಣು ಮತ್ತು ಕಿವಿಯ ರಕ್ಷಣೆ ತಪ್ಪಿಸಬೇಡಿ. ಟಾರ್ಗೆಟ್ ಹತ್ತಿರ ಯಾರೇ ಹೋದರೂ ಬೋಲ್ಟ್ ತೆರೆದು ಚೇಂಬರ್‌ನಲ್ಲಿ ಸೇಫ್ಟಿ ಫ್ಲ್ಯಾಗ್ ಇರಲೇಬೇಕು.

ನಿಮ್ಮ ನಳಿಕೆಗೆ ಆ ತೂಕ ಒಗ್ಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. .223 ಕ್ಯಾಲಿಬರ್‌ನಲ್ಲಿ, ಒಳಗಿನ ಸುರುಳಿ ಗೀರು 12 ಇಂಚಿಗೊಂದು ಸುತ್ತು ಹಾಕುವ ನಳಿಕೆ 77 ಗ್ರೇನ್‌ನ ಉದ್ದ ಗುಂಡನ್ನು ಸ್ಥಿರವಾಗಿ ತಿರುಗಿಸಲಾರದು. ಅದಕ್ಕೆ 8 ಅಥವಾ 7 ಇಂಚಿಗೊಂದು ಸುತ್ತು ಬೇಕು. ಕಾಗದದ ಮೇಲೆ ದುಂಡನೆಯ ತೂತಿನ ಬದಲು ಉದ್ದನೆಯ ಸೀಳು ಕಂಡರೆ ಗುಂಡು ಅಡ್ಡಡ್ಡ ಬಂದಿದೆ ಎಂದರ್ಥ. ಅಲ್ಲಿಗೇ ನಿಲ್ಲಿಸಿ, ಯಾವ ಕ್ಲಿಕ್ಕಿನಿಂದಲೂ ಅದು ಸರಿಹೋಗದು.

ಮೂಲ ಝೀರೋ

ಸ್ಪರ್ಧೆಯಲ್ಲಿ ಬಳಸುವ ಗುಂಡಿನಲ್ಲೇ 100 ಮೀಟರ್‌ಗೆ ಝೀರೋ ಮಾಡಿ, ಟರೆಟ್‌ನ (ಸ್ಕೋಪ್ ಮೇಲಿನ ತಿರುಗಿಸುವ ಗುಬುಟಿಯ) ಅಳತೆಪಟ್ಟಿಯನ್ನು ಸೊನ್ನೆಗೆ ತಂದು ಬಿಗಿ ಮಾಡಿ. ಅಗ್ಗದ ಅಭ್ಯಾಸದ ಗುಂಡನ್ನು ಮೂಲವಾಗಿ ಇಟ್ಟುಕೊಳ್ಳಲೇಬೇಡಿ.

ಅಂತರ ಅಳೆಯುವುದು

ಎಲ್ಲ ಕೆಡುವುದು ಈ ಹಂತದಲ್ಲೇ, ಹಾಗಾಗಿ ನಿಧಾನವಾಗಿ ಮಾಡಿ. ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಎರಡು ಟಾರ್ಗೆಟ್ ಅಂಟಿಸಿ. ಎಡದ್ದು ಮೂಲ ಗುಂಡಿಗೆ, ಬಲದ್ದು ಹೊಸ ಗುಂಡಿಗೆ. ಎರಡರಲ್ಲೂ ನಡುಬಿಂದುವಿಗೇ ಗುರಿ ಇಡಿ, ಟರೆಟ್ ಸೊನ್ನೆಯಲ್ಲೇ ಇರಲಿ. ಎಡಕ್ಕೆ ಐದು, ಬಲಕ್ಕೆ ಐದು, ಮತ್ತೆ ಎಡಕ್ಕೆ ಐದು, ಬಲಕ್ಕೆ ಐದು. ಹೀಗೆ ಹೊಡೆದರೆ ಗಾಳಿ ತಿರುಗಿದರೂ ನಳಿಕೆ ಕಾದರೂ ಅದರ ಪರಿಣಾಮ ಎರಡಕ್ಕೂ ಹಂಚಿಹೋಗುತ್ತದೆ. ಈಡಿನ ನಡುವೆ ನಳಿಕೆ ತಣಿಯಲು ಬಿಡಿ. ಗ್ರೂಪ್ ಎಷ್ಟೇ ದೂರ ಹೋಗುತ್ತಿದ್ದರೂ ಇಪ್ಪತ್ತು ಈಡು ಮುಗಿಯುವ ತನಕ ಟರೆಟ್ ಮುಟ್ಟಬೇಡಿ.

ಮೂರೇ ಈಡು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮೂರು ತೂತುಗಳಿಂದ ತೆಗೆದ ನಡುಬಿಂದುವಿನಲ್ಲಿ ಇರುವ ಅನಿಶ್ಚಿತತೆ ಹತ್ತು ತೂತುಗಳದ್ದಕ್ಕಿಂತ ಸುಮಾರು 1.8 ಪಟ್ಟು ಹೆಚ್ಚು.

.22 ರಿಮ್‌ಫೈರ್ (ಸಣ್ಣ ಕ್ಯಾಲಿಬರ್) ರೈಫಲ್‌ನವರಿಗೆ ಈ ಐದೈದರ ಸರದಿ ಬೇಡ. ಒಂದೊಂದು ಬ್ರ್ಯಾಂಡಿನ ಗುಂಡಿಗೂ ಬೇರೆ ಬೇರೆ ಮೇಣ ಸವರಿರುತ್ತದೆ, ಹೊಸ ಮೇಣ ನಳಿಕೆಯೊಳಗೆ ಹಿಡಿಯುವ ತನಕ ಗ್ರೂಪ್ ಅಲೆದಾಡುತ್ತದೆ. ಬ್ರ್ಯಾಂಡ್ ಬದಲಿಸಿದ ಮೇಲೆ ಮೊದಲ 15-20 ಈಡುಗಳನ್ನು ಲೆಕ್ಕಕ್ಕೆ ಹಿಡಿಯದೆ, ಆಮೇಲೆ ಹತ್ತನ್ನೂ ಒಟ್ಟಿಗೆ ಹೊಡೆಯಿರಿ.

ಈಗ ಸ್ಕೇಲ್ ತೆಗೆದುಕೊಳ್ಳಿ. ಪ್ರತಿ ತೂತು ನಡುಬಿಂದುವಿನಿಂದ ಎಷ್ಟು ಮಿಲಿಮೀಟರ್ ಎಡ ಅಥವಾ ಬಲ, ಎಷ್ಟು ಮೇಲೆ ಅಥವಾ ಕೆಳಗೆ ಎಂದು ಬರೆದು ಹತ್ತರ ಸರಾಸರಿ ತೆಗೆಯಿರಿ. ಬಲ ಮತ್ತು ಮೇಲಕ್ಕೆ ಕೂಡಿಸುವ ಚಿಹ್ನೆ, ಎಡ ಮತ್ತು ಕೆಳಕ್ಕೆ ಕಳೆಯುವ ಚಿಹ್ನೆ. ದೂರ ಬಿದ್ದ ಒಂದು ತೂತನ್ನು ‘ಅದು ನನ್ನ ಕೈತಪ್ಪು’ ಎಂದು ಆಮೇಲೆ ಬಿಟ್ಟುಬಿಡುವ ಚಾಳಿ ಬೇಡ. ಈಡು ಹೊಡೆದ ಕ್ಷಣದಲ್ಲಿ, ಟಾರ್ಗೆಟ್ ನೋಡುವ ಮೊದಲೇ, ತಪ್ಪಿತು ಎಂದು ಹೇಳಿದ್ದರೆ ಮಾತ್ರ ಅದನ್ನು ಬಿಡಬಹುದು.

ಹೊಸ ಗುಂಡಿನ ಸರಾಸರಿಯಿಂದ ಮೂಲ ಗುಂಡಿನ ಅದೇ ದಿನದ ಸರಾಸರಿಯನ್ನು ಕಳೆಯಿರಿ. ಆ ದಿನದ ಬೆಳಕು, ನಿಮ್ಮ ಹಿಡಿತ ಎರಡೂ ಮೂಲ ಗ್ರೂಪನ್ನೂ ಕೆಲವು ಮಿಲಿಮೀಟರ್ ಸರಿಸಿರುತ್ತವೆ, ಹಾಗಾಗಿ ನಡುಬಿಂದುವನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ಹೊಸ ಗುಂಡು 22 ಮಿ.ಮೀ. ಕೆಳಗೆ, 15 ಮಿ.ಮೀ. ಬಲಕ್ಕೆ ಬಂತೆನ್ನಿ. ಕಾಲು ಎಂಒಎ (ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ 100 ಮೀಟರ್‌ನಲ್ಲಿ ಸುಮಾರು 7.3 ಮಿ.ಮೀ. ಸರಿಸುತ್ತದೆ. ಅಂದರೆ ಮೇಲಕ್ಕೆ 3, ಎಡಕ್ಕೆ 2 ಕ್ಲಿಕ್. 0.1 ಮಿಲ್ (ಕೋನದ ಇನ್ನೊಂದು ಅಳತೆ) ಸ್ಕೋಪ್ ಆದರೆ ಒಂದು ಕ್ಲಿಕ್‌ಗೆ 10 ಮಿ.ಮೀ. ರೇಂಜ್ ಗಜದಲ್ಲಿದೆಯೋ ಮೀಟರ್‌ನಲ್ಲಿದೆಯೋ ಕೇಳಿಕೊಳ್ಳಿ: 100 ಗಜ ಎಂದರೆ 91.44 ಮೀಟರ್ ಅಷ್ಟೇ.

ಸ್ಕೋಪ್ ಬದಲು ಡಯಾಪ್ಟರ್ ಸೈಟ್ (ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಸಾಧನ) ಇರುವವರು ಗುಬುಟಿಯ ಮೇಲಿನ ಗುರುತನ್ನು ಮೊದಲು ಪರೀಕ್ಷಿಸಿ. ಕೆಲವದರಲ್ಲಿ ಬಾಣ ಗುಂಡು ಸರಿಯಬೇಕಾದ ದಿಕ್ಕು ತೋರಿಸುತ್ತದೆ, ಇನ್ನು ಕೆಲವದರಲ್ಲಿ ಗುಂಡು ಈಗ ತಪ್ಪಿಬಿದ್ದಿರುವ ದಿಕ್ಕು. ಹತ್ತು ಕ್ಲಿಕ್ ತಿರುಗಿಸಿ ಒಂದು ಈಡು ಹೊಡೆದರೆ ಅನುಮಾನ ತೀರುತ್ತದೆ. ಆಮೇಲೆ ಅಷ್ಟೇ ಕ್ಲಿಕ್ ವಾಪಸ್ ತಿರುಗಿಸಲು ಮರೆಯಬೇಡಿ.

ಖಚಿತಪಡಿಸುವುದು

ಕ್ಲಿಕ್ ಹಾಕಿ ಹೊಸ ಗುಂಡಿನಲ್ಲಿ ಐದು ಈಡು, ವಾಪಸ್ ಸೊನ್ನೆಗೆ ತಂದು ಮೂಲ ಗುಂಡಿನಲ್ಲಿ ಐದು. ಎರಡೂ ನಡುವಿಗೆ ಬಂದರೆ ಸ್ಕೋಪ್ ನಿಯತ್ತಾಗಿದೆ. ಬೆಂಚ್ ಮೇಲೆ ಮಾಡಿದ ಝೀರೋ, ಮಲಗಿ ಸ್ಲಿಂಗ್ (ರೈಫಲ್‌ನ್ನು ತೋಳಿಗೆ ಬಿಗಿಯುವ ಪಟ್ಟಿ) ಬಿಗಿದಾಗ ಸರಿಯುತ್ತದೆ. ಆದ್ದರಿಂದ ಕೊನೆಯ ಐದು ಈಡು ಸ್ಪರ್ಧೆಯ ಭಂಗಿಯಲ್ಲೇ ಆಗಲಿ.

300 ಮೀಟರ್‌ಗೆ ಹೋದಾಗ ಅಡ್ಡ ಕ್ಲಿಕ್‌ಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ, ಮೇಲೆ-ಕೆಳಗಿನವು ಬದಲಾಗುತ್ತವೆ. ಅಲ್ಲಿ ಮತ್ತೆ ಹೊಡೆದೇ ತಿಳಿಯಬೇಕು.

ಪುಸ್ತಕದಲ್ಲಿ ಬ್ರ್ಯಾಂಡ್, ಗ್ರೇನ್, ಲಾಟ್ ನಂಬರ್ (ಗುಂಡುಗಳು ತಯಾರಾದ ಕಂತಿನ ಸಂಖ್ಯೆ), ದೂರ, ಉಷ್ಣಾಂಶ, ಕ್ಲಿಕ್ ಇಷ್ಟನ್ನೂ ಬರೆಯಿರಿ. ಲಾಟ್ ನಂಬರ್ ಇಲ್ಲದ ಬಿಡಿ ಗುಂಡುಗಳನ್ನು ಕೊಳ್ಳಬೇಡಿ. ಲಾಟ್ ಬದಲಾದರೆ, ತೂಕ ಅದೇ ಇದ್ದರೂ, ಆ ಸಾಲು ಹೊಡೆದುಹಾಕಿ ಇಪ್ಪತ್ತು ಈಡಿನ ಪರೀಕ್ಷೆಯನ್ನು ಮತ್ತೆ ಮಾಡಿ.