ಶೆಡ್ಡಿನ ಮಲೇರಿಯಾ ನಿಂತದ್ದು ನಾಲ್ಕನೇ ದಿನದ ಮಾತ್ರೆಯಿಂದ

ಮಂಗಳೂರಿನಲ್ಲಿ ಕಟ್ಟಡದ ಸೈಟ್ ನೋಡಿಕೊಳ್ಳುವವರಿಗೆ ಮಲೇರಿಯಾ ಅಂದರೇನು ಅಂತ ನಾನು ಹೇಳಬೇಕಾಗಿಲ್ಲ. ಆಗೆಲ್ಲ ಮಳೆಗಾಲ ಬಂತೆಂದರೆ ಸ್ಲ್ಯಾಬಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಗ್ಯಾಂಗಿನ ಅರ್ಧ ಜನ ಚಾದರ ಹೊದ್ದು ನಡುಗುತ್ತಿದ್ದರು. ಸ್ಲ್ಯಾಬ್ ಹಾಕುವ ದಿನ ಮುಂದಕ್ಕೆ ಹೋಗುತ್ತಿತ್ತು, ಮಾಲೀಕರು ಫೋನಿನಲ್ಲಿ ಬೈಯುತ್ತಿದ್ದರು. 2014ರಲ್ಲಿ ನನ್ನ ಕೆಲಸಗಾರರು ಉಳಿಯುವ ಶೆಡ್ಡಿನಲ್ಲಿ ಸುಮಾರು 40 ಜನ ಇದ್ದರು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ 17ಓ 18ಓ ಜನರಿಗೆ ಪಾಸಿಟಿವ್ ಬಂತು. ಒಬ್ಬನಿಗೆ ಜ್ವರ ಬಂದರೆ ಆರೇಳು ದಿನದ ಕೆಲಸ ಹೋಯಿತು ಅಂತಲೇ ಲೆಕ್ಕ. ಏನಾದರೂ ಮಾಡೋಣ ಅಂದಾಗ ಮೇಸ್ತ್ರಿ ನಕ್ಕುಬಿಟ್ಟ. "ಮಂಗಳೂರಲ್ಲಿ ಬಿಲ್ಡಿಂಗ್ ಬೇಕು, ಮಲೇರಿಯಾ ಬೇಡ ಅಂದ್ರೆ ಹೇಗೆ ಮಾರಾಯ್ರೆ?"

ಮೊದಲು ದುಡ್ಡು ಸುಟ್ಟಿದ್ದು ಫಾಗಿಂಗ್‌ಗೆ. ಒಂದು ಸಲಕ್ಕೆ 1,200, ಹಾಗೆ ನಾಲ್ಕು ಸಲ. ಹೊಗೆಗೆ ಕೆಮ್ಮಿದ್ದು ನಾವು. ಸೊಳ್ಳೆ ಮರುದಿನವೇ ವಾಪಸ್.

ಆಮೇಲೆ ಸೊಳ್ಳೆಯ ಮರಿಹುಳು ತಿನ್ನುವ ಗಪ್ಪಿ ಮೀನು. ಹೊಸ ಕಾಂಕ್ರೀಟ್ ಗಟ್ಟಿಯಾಗಲಿ ಅಂತ ಸ್ಲ್ಯಾಬ್ ಮೇಲೆ ಬಂಡ್, ಅಂದರೆ ಸಣ್ಣ ಕಟ್ಟೆ, ಕಟ್ಟಿ ನಿಲ್ಲಿಸಿದ ಕ್ಯೂರಿಂಗ್ ನೀರಿಗೆ ಖುಷಿಯಲ್ಲಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಎಲ್ಲವೂ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿವೆ. ಸಿಮೆಂಟ್ ನೀರಿನ ಕ್ಷಾರಕ್ಕೆ ಮೀನು ಬದುಕುತ್ತದಾ? ಇಷ್ಟು ವರ್ಷ ಸಿಮೆಂಟಿನಲ್ಲೇ ಕೈ ಸುಟ್ಟುಕೊಂಡವನಿಗೆ ಹೊಳೆಯಬೇಕಿತ್ತು. ಅದೇ ಮೀನು ಮೂಲೆಯ ಹಾಳು ಬಾವಿಯಲ್ಲಿ ಮಾತ್ರ ಚೆನ್ನಾಗಿ ಹೆಚ್ಚಿತು. ಲಿಫ್ಟ್ ಗುಂಡಿಗೆ ಸುಟ್ಟ ಇಂಜಿನ್ ಆಯಿಲ್ ಸುರಿದು ನೋಡಿದೆ. ಮರಿಹುಳು ಸತ್ತವು, ನಿಜ. ಆದರೆ ವಾಟರ್‌ಪ್ರೂಫಿಂಗ್‌ನವನು ಬಂದು ಮುಖಕ್ಕೇ ಉಗಿದ. ಆ ಗುಂಡಿ ತೊಳೆಸಲು ಎರಡು ಸಾವಿರದ ಮೇಲೆ ಹೋಯಿತು.

ಕೊನೆಗೆ ಕೈಹಿಡಿದದ್ದು ಪೊರಕೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಬೇಕು, ಅಲ್ವಾ? ಪ್ರತಿ ಶನಿವಾರ ಬಂಡ್ ಒಡೆದು ನೀರು ಗುಡಿಸಿ ಹಾಕಿಸಿದೆ. ಕಾಂಕ್ರೀಟ್ ಒಣಗದಂತೆ ಒದ್ದೆ ಗೋಣಿ ಹೊದಿಸಿ, ಮತ್ತೆ ನೀರು ಕಟ್ಟಿಸಿದೆ. ಸ್ಲ್ಯಾಬ್ ಬಿರುಕು ಬಿಡುತ್ತದೆ ಅಂತ ಇಂಜಿನಿಯರ್ ತಕರಾರು ತೆಗೆದರು. ಒಂದು ಗೆರೆಯೂ ಬೀಳಲಿಲ್ಲ. ಡ್ರಮ್, ಬಾತ್‌ರೂಮಿನ ತಗ್ಗಾದ ಸಂಕನ್ ಸ್ಲ್ಯಾಬ್, ಮುಚ್ಚಳ ಇಲ್ಲದ ಟ್ಯಾಂಕ್ ಎಲ್ಲಕ್ಕೂ ಶನಿವಾರವೇ.

ನಡುವೆ ಒಂದು ತಮಾಷೆ ಮಾಡಿದೆ. ಡ್ರಮ್ಮಿನ ಹುಳು ಹಿಡಿದು ಬಾಟಲಿಗೆ ಹಾಕಿ, ಬಾಯಿಗೆ ಸೊಳ್ಳೆಪರದೆಯ ಚೂರು ಕಟ್ಟಿ ಶೆಡ್ಡಿನಲ್ಲಿ ಇಟ್ಟೆ. ನೀರಿನ ಮಟ್ಟಕ್ಕೆ ಅಡ್ಡ ಮಲಗುವ, ಮಲೇರಿಯಾ ಹರಡುವ ಜಾತಿಯವನ್ನೇ ಆರಿಸಿದ್ದೆ. ತಲೆಕೆಳಗಾಗಿ ನೇತಾಡುವವು ನಮ್ಮ ಗಿರಾಕಿಗಳಲ್ಲ. ನಾಲ್ಕೈದು ದಿನಕ್ಕೆ ಒಳಗೆಲ್ಲ ಸೊಳ್ಳೆ. ಗ್ಯಾಂಗಿನ ರಾಯಚೂರಿನ ಹುಡುಗರು ಬಾಯಿಬಿಟ್ಟು ನೋಡಿದರು. ಅಲ್ಲಿಯವರೆಗೆ ಅವರಿಗೆ ಅದು ಬರೀ 'ನೀರಿನ ಹುಳ', ಜ್ವರ ಬರುವುದು 'ನೀರು ಬದಲಾಗಿದ್ದಕ್ಕೆ'.

ಸೊಳ್ಳೆಪರದೆ 35 ತಂದೆ. ಎಂಟು ಸಾವಿರದಷ್ಟು ಆಯಿತು. ಒಬ್ಬನೂ ಕಟ್ಟಲಿಲ್ಲ. ಶೀಟಿನ ಶೆಡ್ಡಿನ ಸೆಕೆಗೆ ಎಲ್ಲರೂ ಸ್ಲ್ಯಾಬ್ ಮೇಲೆ ಮಲಗುತ್ತಿದ್ದರು, ಅಲ್ಲಿ ಪರದೆಯನ್ನು ಎಲ್ಲಿಗೆ ಕಟ್ಟುವುದು? ಸ್ಲ್ಯಾಬಿಗೆ ಆಧಾರ ಕೊಡುವ ಸೆಂಟ್ರಿಂಗ್ ಜ್ಯಾಕಿ ನಾಲ್ಕು ನಿಲ್ಲಿಸಿ ಬೈಂಡಿಂಗ್ ವೈರ್ ಎಳೆದ ಮೇಲೆ ಮಾತು ಮುಗಿಯಿತು.

ಇಷ್ಟಾದರೂ ಕೇಸ್ ಪೂರ್ತಿ ನಿಲ್ಲಲಿಲ್ಲ. ಒಂದೇ ಹುಡುಗನಿಗೆ ಮೂರು ಸಲ ಬಂತು. ನಮ್ಮಲ್ಲಿ ಹೆಚ್ಚಿನದು ವೈವಾಕ್ಸ್ ಅನ್ನುವ ಜಾತಿಯ ಮಲೇರಿಯಾ. ಒಂದು ದಿನ ನಡುಕ, ಮರುದಿನ ಆರಾಮ. ಆ ಆರಾಮದ ದಿನ ವಾಸಿಯಾಯಿತು ಅಂದುಕೊಂಡು ಕೆಲಸಕ್ಕೆ ಬರುತ್ತಾರೆ. ಕ್ಲೋರೋಕ್ವಿನ್ ಮೂರು ದಿನ ನುಂಗಿದರೆ ಜ್ವರ ಬಿಡುತ್ತದೆ. ಪ್ರೈಮಾಕ್ವಿನ್ 14 ದಿನ ಉಂಟಲ್ಲ, ಅದು ನಾಲ್ಕನೇ ದಿನ ತಲೆದಿಂಬಿನ ಕೆಳಗೆ ಹೋಗುತ್ತದೆ. ಆ ಮಾತ್ರೆಗೆ ಸಾಯಬೇಕಿದ್ದ, ಲಿವರಿನಲ್ಲಿ ಅಡಗಿ ಕೂತ ರೋಗಾಣು ತಿಂಗಳುಗಟ್ಟಲೆ ಬಿಟ್ಟು ಎದ್ದು ಬರುತ್ತದೆ. ನಾವು ಹೊಸ ಸೊಳ್ಳೆ ಕಚ್ಚಿತು ಅಂತ ಮತ್ತೆ ಫಾಗಿಂಗ್‌ನವನಿಗೆ ಫೋನ್ ಮಾಡುತ್ತೇವೆ!

ಅಂದಿನಿಂದ ಪ್ರೈಮಾಕ್ವಿನ್ ಮಾತ್ರೆ ನನ್ನ ಹಾಜರಿ ಪುಸ್ತಕದ ಜೊತೆಗೇ ಇರುತ್ತದೆ. ರಾತ್ರಿ ಊಟ ಆದ ಮೇಲೆ, ನನ್ನೆದುರೇ ನುಂಗಬೇಕು, ಹೆಸರಿನ ಮುಂದೆ ಕೆಂಪು ಗುರುತು. ಖಾಲಿ ಹೊಟ್ಟೆಗೆ ಕೊಟ್ಟರೆ ಹೊಟ್ಟೆ ಹಿಂಡುತ್ತದೆ, ನಾಳೆಯಿಂದ ಬರುವುದಿಲ್ಲ. ಲೆಕ್ಕ ಮಾತ್ರ ನನ್ನದು, ಮಾತ್ರೆ ಎಷ್ಟು ಅನ್ನುವುದು ಡಾಕ್ಟರದ್ದೇ. ಮೂತ್ರ ಕಪ್ಪಾದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ಗರ್ಭಿಣಿಯರಿಗೆ ಇದು ಇಲ್ಲ. ಫಾಲ್ಸಿಪಾರಂ ಅನ್ನುವ ಇನ್ನೊಂದು ಜಾತಿಯ ಮಲೇರಿಯಾ ಬಂದರೆ ಆ ಚಿಕಿತ್ಸೆಯೇ ಬೇರೆ. 14 ಗುರುತು ಪೂರ್ತಿ ಮಾಡಿದವನಿಗೆ ಒಂದು ಉಡುಗೊರೆ ಕೊಡುತ್ತೇನೆ. ಏನು ಅಂತ ಬರೆಯುವುದಿಲ್ಲ, ಬರೆದರೆ ನನ್ನ ಗ್ಯಾಂಗನ್ನೇ ನೀವು ಎಳೆದುಕೊಳ್ಳುತ್ತೀರಿ.

2015ರ ಮಳೆಗಾಲದಲ್ಲಿ ಮೂರೇ ಕೇಸ್. ಅದರಲ್ಲಿ ಇಬ್ಬರು ಬೇರೆ ಸೈಟಿನಿಂದ ಜ್ವರ ಹೊತ್ತುಕೊಂಡೇ ಬಂದವರು. ಆ ವರ್ಷ ಮಳೆ ಕಮ್ಮಿ, ಅದಕ್ಕೇ ಅಂದ ಮೇಸ್ತ್ರಿ. ಮರುವರ್ಷ ಎರಡಕ್ಕೆ ಇಳಿಯಿತು. ಆಗ ಏನೂ ಅನ್ನಲಿಲ್ಲ. ಈಗ ಶನಿವಾರ ಪೊರಕೆ ಹಿಡಿದು ಮೊದಲು ಸ್ಲ್ಯಾಬ್ ಹತ್ತುವವನು ಅವನೇ.